ಒಂದಕ್ಷರ ಹೆಚ್ಚು

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಬೀದಿಯುದ್ದ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದರಂತೆ ಹಿಂದೆ,
ಜನ ಹಿಡಿದು ನಡೆಯಲಿ ಎಂದು.
ಆ ಹಗ್ಗದ ಹೆಸರನ್ನೇ ನೀವೆಸ್ ತನ್ನ ಪತ್ರಿಕೆಗಿಟ್ಟಳು,
ತಾಯಿನುಡಿ ಸ್ಲೊವೀನಿನಲ್ಲಿ: ವರ್ವ್.
ಅವರಲ್ಲಿ ಅದು ಸ್ವರವೇ ಇಲ್ಲದ ಪದ. ಬರೆಯಹೋದರೆ
ನಮ್ಮ ಕಾಗುಣಿತ ಸುಮ್ಮನಿರದೆ ಒಂದು ಅ ತುರುಕುತ್ತದೆ,
ಬರಿಗೈಯಲ್ಲಿ ಯಾರನ್ನೂ ಕಳಿಸಲಾರದ ಅಜ್ಜಿಯ ಹಾಗೆ.

ಮೀನುಪೇಟೆಯ ಹಿಂದೆ, ಬೂಟು ಹೊಲಿಯುವವನ ಅಂಗಡಿಯ ಮೇಲೆ
ಒಂದೂವರೆ ಕೋಣೆ. ವರ್ಷಕ್ಕೆ ನಾಲ್ಕು ಸಂಚಿಕೆ, ಮುನ್ನೂರು ಪ್ರತಿ,
ನಲವತ್ತು ಮಂಚದ ಕೆಳಗೇ ಉಳಿಯುತ್ತವೆ.
ಕವಿತೆಗಳೇನೋ ಬರುತ್ತವೆ, ಎಲ್ಲೆಲ್ಲಿಂದಲೋ:
ಅಸುನ್ಸಿಯೋನಿನ ಬಸ್ ಕಂಡಕ್ಟರನ ಗ್ವರಾನಿ ಪದ್ಯ,
ಯೆರೆವಾನಿನ ಹಲ್ಲಿನ ಡಾಕ್ಟರಮ್ಮ ಔಷಧಿ ಚೀಟಿಯ ಬೆನ್ನಿಗೆ ಗೀಚಿದ್ದು.
ಗೌರವಧನ: ಎರಡು ಪ್ರತಿ, ಒಂದು ಸೀಸೆ ಆಲಿವ್ ಎಣ್ಣೆ
ತಮ್ಮನ ಗಾಣದ್ದು. ಸೀಸೆ ಒಡೆದರೆ
ಕವಿಗೆ ತನ್ನ ಕವಿತೆ ಬೆಳಕಿಗೆ ಹಿಡಿದರೆ ಎರಡೂ ಕಡೆ ಕಾಣುತ್ತದೆ.

ಈ ಚಳಿಗಾಲ ಗ್ರೀನ್‌ಲ್ಯಾಂಡಿನಿಂದ ಒಂದು ಬಂತು.
ಸಿಗಡಿ ಕಾರ್ಖಾನೆಯ ರಾತ್ರಿಪಾಳಿಯ ಇವಾಲು ಬರೆದದ್ದು.
ಹನ್ನೊಂದು ಸಾಲು; ಏಳನೆಯ ಸಾಲು ಒಂದೇ ಪದ,
ಗೂಡ್ಸ್ ಗಾಡಿಯಷ್ಟು ಉದ್ದ.
ಹೆಂಗಸು, ಬಾಗಿಲು, ಹಿಮ, ಮರೆವು
ಒಂದರ ಕೊಂಡಿಗೊಂದು ಸಿಕ್ಕಿಸಿಕೊಂಡು ನಿಂತಿದ್ದವು.

ಆರ್ಹೂಸಿನ ತೋರ್ಕಿಲ್ ಅದನ್ನು ಡೇನಿಷಿನ ಮೂರು ಸಾಲು ಮಾಡಿದ.
ಓರ್ನೆಲ್ಲಾ ಆ ಮೂರನ್ನು ಇಟಾಲಿಯನ್ನಿನ ಎರಡಕ್ಕೆ ಇಳಿಸಿದಳು:
ಹಿಮ ಒಳಗೆ ಬರುವಾಗ
ಬಾಗಿಲು ಮುಚ್ಚಲು ಮರೆತವಳು.
ಮೂರು ವಾರ ಜಗಳ. ಮರೆವು ಎಂಥದ್ದು?
ಮುಪ್ಪಿನದೊ, ದುಃಖದ್ದೊ, ಒಲೆಯ ಮೇಲಿಟ್ಟ ಹಾಲಿನದೊ?
ತೋರ್ಕಿಲ್ ನಾಲ್ಕು ಪುಟದ ಟಿಪ್ಪಣಿ ಬರೆದ, ಅಡಿಟಿಪ್ಪಣಿ ಸಮೇತ.

ಅಚ್ಚು ಜೋಡಿಸುವ ಎಗೊನ್‌ಗೆ ಇದಾವುದೂ ಬೇಡ.
ಅವನು ಕವಿತೆ ಓದುವುದಿಲ್ಲ, ಅಳೆಯುತ್ತಾನೆ.
'ಅಂಕಣ ಹನ್ನೊಂದು ಸೆಂಟಿಮೀಟರು, ಪದ ಹದಿನಾಲ್ಕು.
ಎಲ್ಲಿ ಮುರಿಯಲಿ ಹೇಳು. ನನ್ನ ಬಸ್ಸು ಆರಕ್ಕೆ.'

ಕೇಳಿ ಬರೆದಳು ನೀವೆಸ್. ಒಂಬತ್ತು ದಿನಕ್ಕೆ ಉತ್ತರ:
'ಎಲ್ಲಿ ಬೇಕಾದರೂ ಮುರಿಯಿರಿ, ಮಾತಾಡುವಾಗ ನಾನೂ ಮುರಿಯುತ್ತೇನೆ.
ಆದರೆ ಕ್ಷಮಿಸಿ, ನಡುವೆ ಒಂದಕ್ಷರ ಹೆಚ್ಚು ಬಿದ್ದಿದೆ.
ಪಾಳಿ ಮುಗಿಸಿ ಬರೆದದ್ದು, ಬೆರಳು ಮರಗಟ್ಟಿತ್ತು.
ಅದನ್ನು ತೆಗೆದರೆ, ಅವಳು ಮರೆತವಳಲ್ಲ,
ಬೇಕೆಂದೇ ತೆರೆದಿಟ್ಟವಳು.
ಎಣ್ಣೆ ಬೇಡ, ಇಲ್ಲಿ ಹೆಪ್ಪುಗಟ್ಟುತ್ತದೆ.
ಕಾಫಿ ಕಳಿಸಬಹುದೆ?'

ನಾನಾಗಿದ್ದರೆ ಮರೆತುಬಿಟ್ಟಳು ಎಂದು ಬರೆದು
ಮರೆತದ್ದನ್ನೂ ಬಿಟ್ಟದ್ದನ್ನೂ ಒಂದೇ ಉಸಿರಿಗೆ ಹೇಳಿ
ಎರಡು ದೋಣಿಯಲ್ಲಿ ಕಾಲಿಟ್ಟು ಪಾರಾಗುತ್ತಿದ್ದೆ.
ಅವರ ಭಾಷೆಗಳಲ್ಲಿ ಈ ಕಳ್ಳದಾರಿ ಇಲ್ಲ.

ತೋರ್ಕಿಲ್ ಎರಡು ದಿನ ಮಾತಾಡಲಿಲ್ಲ. ಆಮೇಲೆ ಒಂದು ಸಾಲು:
ತಪ್ಪೇ ಚೆನ್ನಾಗಿತ್ತು.
ಓರ್ನೆಲ್ಲಾ ಅತ್ತಳಂತೆ, ಯಾಕೆಂದು ಹೇಳಲಿಲ್ಲ.

ಎಗೊನ್ ಟೋಪಿ ಕೈಯಲ್ಲಿ ಹಿಡಿದು ಕೇಳಿದ,
'ಹಾಗಾದರೆ ಯಾವುದು? ಮರೆತದ್ದೊ, ತೆರೆದಿಟ್ಟದ್ದೊ?'
'ತೆರೆದಿಟ್ಟದ್ದು.'
ಹೂಂ ಎಂದ. ನಿಂತೇ ಇದ್ದ.
ಕೆಳಗೆ ಬೂಟಿಗೆ ಮೊಳೆ ಹೊಡೆಯುವ ಸದ್ದು,
ಆರರ ಬಸ್ಸು ತಿರುವಿನಲ್ಲಿ ಹೊರಳಿ ಹೋದ ಸದ್ದು.

'ಒಂದಕ್ಷರ ಕಡಿಮೆಯಾದರೂ ಹಿಡಿಸುವುದಿಲ್ಲ' ಎಂದು ಕೊನೆಗೆ
ಪುಟವನ್ನೇ ಅಡ್ಡ ತಿರುಗಿಸಿ
ಕವಿತೆಯನ್ನು ಉದ್ದಕ್ಕೆ ಮಲಗಿಸಿದ.
ಹಳೆಯ ಕರಡು, ಮರೆತವಳು ಇದ್ದದ್ದು,
ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ
ಗಾಳಿಗೆ ಗಡಗುಟ್ಟುತ್ತಿದ್ದ ಕಿಟಕಿಯ ಸಂದಿಗೆ ಗಿಡಿದ.
ಕಿಟಕಿ ಬಾಯಿ ಮುಚ್ಚಿತು. ಅಂಚಿನಿಂದ ಮಾತ್ರ ಸಣ್ಣಗೆ
ಸ್ವರವಿಲ್ಲದ ಏನೋ ಒಂದು ಒಳಗೆ ಬರುತ್ತಲೇ ಇತ್ತು.

ನೀವೆಸ್ ಅಂಚೆಯ ತಕ್ಕಡಿಯಲ್ಲಿ
ಕಾಫಿಪುಡಿ ತೂಗುತ್ತಿದ್ದಳು.
ಅರ್ಧ ಕಿಲೋ ದಾಟಿದರೆ ದರ ದುಪ್ಪಟ್ಟು.
ಒಂದು ಚಮಚ ತೆಗೆದಳು,
ಮತ್ತೆ ಹಾಕಿದಳು.